ನಂದಿ ಬೆಟ್ಟವನ್ನು ರಾತ್ರಿ ಹತ್ತಿದವರು

ಶನಿವಾರ ರಾತ್ರಿ ಮೂರು ಗಂಟೆಯ ಮೇಲೆ ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ನಿಂತು ನೋಡಿ. ಬೈಕು, ಕಾರುಗಳು ಸಾಲುಗಟ್ಟಿ ನಂದಿ ಬೆಟ್ಟದ ಕಡೆ ತಿರುಗುತ್ತವೆ. ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಬೇಕು, ಫೋಟೊ ತೆಗೆಯಬೇಕು, ಹತ್ತು ಗಂಟೆಯೊಳಗೆ ಕೆಳಗಿಳಿದು ತಿಂಡಿ ತಿನ್ನಬೇಕು. ಸುತ್ತಲಿನ ಹಳ್ಳಿಯವರಿಗೆ ಇದು ವಾರ ವಾರವೂ ಕಾಣುವ ನೋಟ.

ಈ ಬೆಟ್ಟವನ್ನು ರಾತ್ರಿ ಹತ್ತುವುದು ಹೊಸ ಕಾಲದ ಶೋಕಿ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸುಮಾರು 230 ವರ್ಷದ ಹಿಂದೆ ಇದೇ ಬೆಟ್ಟವನ್ನು ಬೆಳದಿಂಗಳಿಗೆ ಕಾದು ಕುಳಿತು ಸಾವಿರಾರು ಜನ ಸುತ್ತುವರಿದಿದ್ದರು. ಅವರ ಕೈಯಲ್ಲಿ ಬಂದೂಕು ಇತ್ತು. ಮೇಲಿದ್ದವರ ಕೈಯಲ್ಲಿ ಕಲ್ಲು ಇತ್ತು. ಆ ರಾತ್ರಿಯ ಕಥೆ ಶಾಲೆಯ ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ: ಮೂರನೇ ಮೈಸೂರು ಯುದ್ಧದಲ್ಲಿ ನಂದಿದುರ್ಗ ಬ್ರಿಟಿಷರ ವಶವಾಯಿತು, 1791. ಆ ಒಂದು ಸಾಲಿನ ಒಳಗೆ ಏನೇನಿದೆ ಎಂದು ಬಿಡಿಸಿ ನೋಡೋಣ.

ಬೆಟ್ಟ ಎಂದರೆ ಒಂದಲ್ಲ

ದೂರದಿಂದ ನೋಡಿದವರಿಗೆ ನಂದಿ ಒಂದೇ ಬೆಟ್ಟ. ಹತ್ತಿರದವರಿಗೆ ಅದೊಂದು ಬೆಟ್ಟಗಳ ಗುಂಪು. ನಂದಿಗಿರಿ, ಬ್ರಹ್ಮಗಿರಿ, ಚನ್ನಗಿರಿ, ದಿವ್ಯಗಿರಿ, ಸ್ಕಂದಗಿರಿ ಎಂದು ಐದು ಹೆಸರು ಹೇಳಿ ಪಂಚಗಿರಿ ಎನ್ನುತ್ತಾರೆ. ಸ್ಕಂದಗಿರಿಯನ್ನು ಊರಿನವರು ಇವತ್ತಿಗೂ ಕಳವಾರ ಬೆಟ್ಟ ಎಂದೇ ಕರೆಯುವುದು. ಇವುಗಳಲ್ಲಿ ನಂದಿ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರ.

ಪಾಲಾರ್, ಪೆನ್ನಾರ್, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ನದಿಗಳ ಹುಟ್ಟನ್ನು ಹೇಳುವಾಗಲೆಲ್ಲ ಈ ಬೆಟ್ಟಸಾಲಿನ ಹೆಸರು ಬರುತ್ತದೆ. ಬುಡದಲ್ಲಿ ನಂದಿ ಗ್ರಾಮದ ಭೋಗ ನಂದೀಶ್ವರ, ತುದಿಯಲ್ಲಿ ಯೋಗ ನಂದೀಶ್ವರ. ಕೆಳಗಿನ ದೇವಸ್ಥಾನದ ಇತಿಹಾಸ 9ನೇ ಶತಮಾನದ ಆರಂಭಕ್ಕೆ ಹೋಗುತ್ತದೆ. ಗಂಗರು, ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರ ಕೈಯೂ ಈ ಸೀಮೆಯ ಮೇಲೆ ಬಿದ್ದಿದೆ.

ಆಮೇಲೆ ಆವತಿಯ ನಾಡಪ್ರಭುಗಳು ಬರುತ್ತಾರೆ. ಕಂಚಿಯ ಕಡೆಯಿಂದ ಎತ್ತಿನ ಗಾಡಿಗಳಲ್ಲಿ ಬಂದ ಏಳು ಜನ ಮೊರಸು ಒಕ್ಕಲು ಅಣ್ಣತಮ್ಮಂದಿರು ನಂದಿಯ ಹತ್ತಿರದ ಬೆಟ್ಟದ ಬುಡದಲ್ಲಿ ಗಾಡಿ ಬಿಟ್ಟರು ಎನ್ನುವುದು ಐತಿಹ್ಯ. ಮನೆಯ ಹೆಣ್ಣುಮಗಳನ್ನು ಬಲವಂತದ ಮದುವೆಯಿಂದ ಉಳಿಸಲು ಓಡಿ ಬಂದವರು ಅವರು ಎಂದು ಹಿರಿಯರು ಹೇಳುತ್ತಾರೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕದ ಪಾಳೆಯಗಾರ ಮನೆತನಗಳು ತಮ್ಮ ಬೇರನ್ನು ಅಲ್ಲಿಗೇ ಒಯ್ಯುತ್ತವೆ. ಬೆಂಗಳೂರು ಕಟ್ಟಿದ ಕೆಂಪೇಗೌಡರದೂ ಅದೇ ಬಳ್ಳಿ.

ಚಿಕ್ಕಬಳ್ಳಾಪುರದ ಪಾಳೆಯಗಾರರಿಗೆ ಕಷ್ಟ ಬಂದಾಗಲೆಲ್ಲ ನಂದಿಯೇ ಕೊನೆಯ ಆಸರೆ. 1760ರ ದಶಕದಲ್ಲಿ ಹೈದರಾಲಿ ಈ ಸೀಮೆಯನ್ನು ಹಿಡಿದ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಬೆಟ್ಟದ ಕೋಟೆ ಇನ್ನಷ್ಟು ಬಲವಾಯಿತು.

ಕೋಟೆಯ ಲೆಕ್ಕ

ನಂದಿಯ ಮೂರು ಕಡೆ ಬರೀ ಬಂಡೆಯ ಗೋಡೆ. ಅಲ್ಲಿ ಕೋಟೆ ಕಟ್ಟುವುದೇ ಬೇಡ, ಬೆಟ್ಟವೇ ಕೋಟೆ. ಹತ್ತಲು ಆಗುವುದು ಒಂದೇ ಕಡೆ. ಆ ಕಡೆಗೆ ಒಂದರ ಹಿಂದೆ ಒಂದು ಎರಡು ಸುತ್ತು ಗೋಡೆ. ಹೊರಗಿನದು ಒಡೆದರೂ ಒಳಗಿನದು ಉಳಿಯಬೇಕು ಎನ್ನುವ ಲೆಕ್ಕ.

ಇಂಥ ಕೋಟೆಯನ್ನು ಯಾರು ಏಕೆ ಹಿಡಿಯಬೇಕು? ಅದಕ್ಕೆ ಆ ವರ್ಷದ ಮಳೆಗಾಲದ ಕಥೆ ಗೊತ್ತಿರಬೇಕು.

1791ರ ಮಾರ್ಚ್ 21ರ ರಾತ್ರಿ, ಅದೂ ಬೆಳದಿಂಗಳಲ್ಲೇ, ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿನ ಕೋಟೆಗೆ ನುಗ್ಗಿತು. ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಸತ್ತ. ಆ ಗೆಲುವಿನ ಹುಮ್ಮಸ್ಸಿನಲ್ಲಿ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋದ. ಅಲ್ಲಿ ಸೋಲಿಸಿದ್ದು ಹಸಿವು. ಮಳೆ ಹಿಡಿಯಿತು. ತೋಪು ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತವು. ಸೈನಿಕರಿಗೆ ಅಕ್ಕಿ ಇಲ್ಲ. ದೊಡ್ಡ ತೋಪುಗಳನ್ನು ತಾವೇ ಒಡೆದು ಹಾಕಿ ಬೆಂಗಳೂರಿಗೆ ವಾಪಸ್ ಬಂದರು.

ಅಂದಿನಿಂದ ಕಾರ್ನ್‌ವಾಲಿಸ್‌ಗೆ ಒಂದೇ ಚಿಂತೆ: ದಾರಿ. ಕಾಳು ಬರುವ ದಾರಿ, ದನ ಬರುವ ದಾರಿ, ಉತ್ತರದಲ್ಲಿ ಮಿತ್ರನಾಗಿದ್ದ ಹೈದರಾಬಾದಿನ ನಿಜಾಮನ ಕಡೆಯಿಂದ ಬರುವ ದಾರಿ. ಆ ಉತ್ತರದ ದಾರಿಯ ಪಕ್ಕದಲ್ಲೇ ನಂದಿ ಕೂತಿತ್ತು. ಮೇಲಿಂದ ನೋಡಿದರೆ ಸುತ್ತಲ ಹರದಾರಿಗಟ್ಟಲೆ ನೆಲ ಅಂಗೈ ಮೇಲಿದ್ದ ಹಾಗೆ. ಆ ಕೋಟೆ ಟಿಪ್ಪುವಿನ ಕೈಯಲ್ಲಿ ಇರುವಷ್ಟು ದಿನ ಆ ದಾರಿಯಲ್ಲಿ ಒಂದು ಎತ್ತಿನ ಸಾಲು ಕೂಡ ನೆಮ್ಮದಿಯಾಗಿ ನಡೆಯುವಂತಿರಲಿಲ್ಲ.

ಎತ್ತಿನ ಸಾಲು ಎಂದಾಗ ಇನ್ನೊಂದು ಮಾತು. ಆ ಸೈನ್ಯಕ್ಕೆ ಕಾಳು ಹೊತ್ತು ತಂದು ಮಾರಿದವರಲ್ಲಿ ಮುಖ್ಯರು ಬಂಜಾರರು, ನಮ್ಮ ಲಂಬಾಣಿ ತಾಂಡಾಗಳ ಹಿರೀಕರು. ಹತ್ತಾರು ಸಾವಿರ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಊರಿಂದೂರಿಗೆ ನಡೆಯುತ್ತಿದ್ದ ಜನ. ಇವರು ಬರದಿದ್ದರೆ ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಮಾತೆತ್ತುವುದೇ ಕಷ್ಟವಿತ್ತು.

ತೋಪು ಬೆಟ್ಟ ಹತ್ತಿದ್ದು ಹೇಗೆ

ಸೆಪ್ಟೆಂಬರ್‌ನಲ್ಲಿ ಮೇಜರ್ ಗೌಡಿ ಎಂಬ ಅಧಿಕಾರಿಯ ತುಕಡಿಯನ್ನು ಉತ್ತರದ ಬೆಟ್ಟದ ಕೋಟೆಗಳ ಮೇಲೆ ಕಳಿಸಿದರು. ಹೆಸರು ಕೇಳಿ ನಮ್ಮೂರಿನವನು ಎಂದುಕೊಳ್ಳಬೇಡಿ, ಅವನು ಬ್ರಿಟಿಷನೇ. ಮೊದಲು ರೆಹಮಾನಗಡ ಬಿತ್ತು. ಆಮೇಲೆ ನಂದಿ.

ತಪ್ಪಲಿನಲ್ಲಿ ನಿಂತು ತೋಪು ಹೊಡೆದರೆ ಗುಂಡು ಕೋಟೆಗೆ ಮುಟ್ಟುವುದಿಲ್ಲ. ಗೋಡೆ ಒಡೆಯಬೇಕಾದರೆ ತೋಪನ್ನೇ ಬೆಟ್ಟದ ಮೇಲಕ್ಕೆ ತರಬೇಕು. ತೋಪು ಎಂದರೆ ನೂರಾರು ಮಣ ಕಬ್ಬಿಣ. ಹತ್ತುವ ದಾರಿಯಲ್ಲಿ ಗುಂಡುಕಲ್ಲು, ಮುಳ್ಳು, ಕಡಿದಾದ ಬಂಡೆ. ಹಾಗಾಗಿ ದಿನಗಟ್ಟಲೆ ಕೆಲಸ ಮಾಡಿ ಬೆಟ್ಟದ ಮೈಯಲ್ಲಿ ಗಾಡಿ ದಾರಿ ಕಡಿದರು. ಕಲ್ಲು ಸರಿಸಿದರು, ಗಿಡ ಸವರಿದರು, ತಗ್ಗಿಗೆ ಮಣ್ಣು ತುಂಬಿದರು. ಆಮೇಲೆ ತೋಪುಗಳಿಗೆ ಹಗ್ಗ ಕಟ್ಟಿ ಆನೆಗಳ ಬಲದಲ್ಲಿ, ಆಳುಗಳ ಬಲದಲ್ಲಿ ಅಡಿ ಅಡಿಯಾಗಿ ಮೇಲಕ್ಕೆ ಎಳೆದರು. ಮೇಲಿಂದ ಕೋಟೆಯವರು ಗುಂಡು ಹಾರಿಸುತ್ತಲೇ ಇದ್ದರು.

ಇಲ್ಲಿ ನಾವು ಒಂದು ಮಾತು ಹೇಳಬೇಕು. ನಂದಿ ಕೋಟೆ ಬಿದ್ದದ್ದು ಆ ಕೊನೆಯ ರಾತ್ರಿ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಲೆಕ್ಕದಲ್ಲಿ ಅದು ಬಿದ್ದದ್ದು ಆ ದಾರಿ ಮುಗಿದ ದಿನ. ಏರಲಾಗದು ಎನ್ನುವುದೇ ಈ ಕೋಟೆಯ ಶಕ್ತಿ. ಆ ಶಕ್ತಿಯನ್ನು ಮುರಿದದ್ದು ಮೊದಲು ಗುದ್ದಲಿ, ಹಾರೆ, ಹಗ್ಗ. ಬಂದೂಕು ಬಂದದ್ದು ಆಮೇಲೆ. ಆ ಗುದ್ದಲಿ ಹಿಡಿದವರು, ಹಗ್ಗ ಎಳೆದವರು, ಆನೆ ನಡೆಸಿದ ಮಾವುತರು ಯಾರು? ಮದರಾಸು ಸೈನ್ಯದ ಜೊತೆ ಬಂದಿದ್ದ ಕೂಲಿಯವರು, ಲಸ್ಕರರು, ದಾರಿ ಕಡಿಯುವ ಪಡೆಯವರು. ನಮ್ಮ ನಾಡಿನ ಬಡವರೇ ಬಹಳ ಮಂದಿ. ಸೇನಾಪತಿಗಳ ಹೆಸರು ಎಲ್ಲ ಪುಸ್ತಕದಲ್ಲಿದೆ. ಇವರಲ್ಲಿ ಒಬ್ಬರ ಹೆಸರೂ ಶಾಲೆಯ ಪಾಠದಲ್ಲಿ ಇಲ್ಲ.

ಚಂದ್ರ ಹುಟ್ಟುವ ಹೊತ್ತು

ಸುಮಾರು ಮೂರು ವಾರದ ಮುತ್ತಿಗೆಯ ಹೊತ್ತಿಗೆ ತೋಪಿನ ಏಟಿಗೆ ಹೊರಗೋಡೆಯಲ್ಲಿ ಎರಡು ಕಡೆ ಬಿರುಕು ಬಾಯಿಬಿಟ್ಟಿತು. ಅಕ್ಟೋಬರ್ ಮಧ್ಯದ ಹೊತ್ತಿಗೆ ಕಾರ್ನ್‌ವಾಲಿಸ್ ಉಳಿದ ಸೈನ್ಯದ ಜೊತೆ ಬೆಟ್ಟದ ಹತ್ತಿರಕ್ಕೆ ಬಂದ. ಮೇಲಿನವರಿಗೆ ಭಯ ಹುಟ್ಟಲಿ ಎನ್ನುವುದೂ ಅದರ ಉದ್ದೇಶ. ಕೋಟೆಯವರು ಬಗ್ಗಲಿಲ್ಲ. ರಾತ್ರಿ ನುಗ್ಗುವುದೆಂದು ತೀರ್ಮಾನವಾಯಿತು. ಮುಂದೆ ನಡೆಯಲು ಜನರಲ್ ಮೆಡೋಸ್ ನಿಂತ.

ಅದು ದೀಪಾವಳಿಗೆ ಒಂದು ವಾರ ಇರುವ ಕೃಷ್ಣಪಕ್ಷ. ಆ ದಿನಗಳಲ್ಲಿ ಚಂದ್ರ ಹುಟ್ಟುವುದೇ ಮಧ್ಯರಾತ್ರಿಯ ಸುಮಾರಿಗೆ ಎಂಬುದು ಹೊಲ ಕಾಯುವ ಎಲ್ಲರಿಗೂ ಗೊತ್ತು. ಕತ್ತಲಿರುವಾಗ ಸದ್ದಿಲ್ಲದೆ ಸೇರುವುದು, ಬೆಳಕು ಬಂದ ಕೂಡಲೇ ಹತ್ತುವುದು ಅವರ ಯೋಜನೆ.

ಚಂದ್ರ ಮೂಡಿದ. ಕೆಳಗಿನವರು ಎದ್ದರು. ಮೇಲಿನವರಿಗೆ ಅದು ತಿಳಿಯಲು ತಡವಾಗಲಿಲ್ಲ. ಬಂದೂಕು, ತೋಪು ಹಾರಿದವು. ಆದರೆ ಕತ್ತಲಲ್ಲಿ ಕೆಳಮುಖವಾಗಿ ಹೊಡೆದ ಗುಂಡು ಗುರಿ ಮುಟ್ಟುವುದು ಕಡಿಮೆ. ಕೋಟೆಯವರ ಹತ್ತಿರ ಅದಕ್ಕಿಂತ ಬಲವಾದದ್ದು ಒಂದಿತ್ತು: ಗೋಡೆಯ ಮೇಲೆ ಕೂಡಿಟ್ಟ ದೊಡ್ಡ ದೊಡ್ಡ ಕಲ್ಲುಗಳು. ಅವನ್ನು ಒಂದೊಂದಾಗಿ ತಳ್ಳಿದರು. ಇಳಿಜಾರಿನಲ್ಲಿ ಪುಟಿದು ಪುಟಿದು ಬರುವ ಕಲ್ಲಿಗೆ ಗುರಿಯೇ ಬೇಡ. ಆ ರಾತ್ರಿ ದಾಳಿಯವರಲ್ಲಿ ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಕಲ್ಲಿನ ಪೆಟ್ಟು ತಿಂದವರು.

ಆದರೂ ಅವರು ಬಿರುಕುಗಳಿಂದ ಒಳಗೆ ನುಗ್ಗಿದರು. ಹೊರಗೋಡೆ ಬಿಟ್ಟು ಓಡಿದವರ ಬೆನ್ನು ಹಿಡಿದೇ ಒಳಗೋಡೆಯ ಬಾಗಿಲಿಗೆ ಬಂದರು. ಆ ಬಾಗಿಲೂ ನಿಲ್ಲಲಿಲ್ಲ. ಕೋಟೆಯ ಒಳಗಿದ್ದ ಕೆಲವರು ಬಂಡೆಯ ಕಡೆಯಿಂದ ಇಳಿದು ತಪ್ಪಿಸಿಕೊಳ್ಳಲು ನೋಡಿದರು. 1791ರ ಅಕ್ಟೋಬರ್ 19ರ ತಾರೀಖಿನಲ್ಲಿ ನಂದಿದುರ್ಗ ಬಿತ್ತೆಂದು ದಾಖಲೆಯಾಯಿತು.

ಎರಡು ತಿಂಗಳಲ್ಲಿ, ಡಿಸೆಂಬರ್ 21ರಂದು, ಮಾಗಡಿ ಹತ್ತಿರದ ಸಾವನದುರ್ಗವೂ ಬಿತ್ತು. 1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ.

ಕಳವಾರ ಬೆಟ್ಟದ ನಮ್ಮ ರಾತ್ರಿ

ಪುಸ್ತಕದಲ್ಲಿ ‘ಕಲ್ಲು ಉರುಳಿಸಿದರು’ ಎಂದು ಓದುವುದು ಸುಲಭ. ಅದರ ಅರ್ಥ ನಮಗೆ ತಿಳಿದದ್ದು ಡಿಪ್ಲೊಮಾ ಮುಗಿಸಿದ ವರ್ಷ, ಐದು ಜನ ಸ್ನೇಹಿತರು ಸೇರಿ ಕಳವಾರ ಬೆಟ್ಟ ಹತ್ತಿದಾಗ. ಆಗ ಈಗಿನ ಹಾಗೆ ಆನ್‌ಲೈನ್ ಟಿಕೆಟ್ ಇರಲಿಲ್ಲ. ಊರಿನವರೊಬ್ಬರನ್ನು ದಾರಿ ತೋರಿಸಲು ಕರೆದುಕೊಂಡು ರಾತ್ರಿ ಒಂದು ಗಂಟೆಗೆ ಪಾಪಾಗ್ನಿ ಮಠದ ಹತ್ತಿರದಿಂದ ಹೊರಟೆವು. ಕೈಗೊಂದು ಟಾರ್ಚು, ಬೆನ್ನಿಗೆ ಎರಡು ಬಾಟಲಿ ನೀರು.

ದಾರಿ ತೋರಿಸಲು ಬಂದವರು ಐವತ್ತು ದಾಟಿದವರು. ಹವಾಯಿ ಚಪ್ಪಲಿ, ಹೆಗಲ ಮೇಲೆ ಟವೆಲ್ಲು. ಮೊದಲ ಬಂಡೆಯ ಹತ್ತಿರವೇ ನಿಲ್ಲಿಸಿ ಒಂದು ಮಾತು ಹೇಳಿದರು: “ನೋಡ್ರಪ್ಪಾ, ಯಾರ ಕಾಲಡೀಲಾದ್ರೂ ಕಲ್ಲು ಅಲ್ಲಾಡಿದ್ರೆ ಜೋರಾಗಿ ಕೂಗ್ಬಿಡಿ. ನಾಚ್ಕೋಬೇಡಿ. ಕೆಳಗಡೆ ಬರೋರು ಪಕ್ಕಕ್ಕೆ ಸರ್ಕೊಂತಾರೆ.”

ಮೊದಲ ಅರ್ಧ ಗಂಟೆ ಮಾತು, ನಗು. ಆಮೇಲೆ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ದಾರಿ ಎಂದರೆ ಮಳೆನೀರು ಕೊರೆದ ಕೊರಕಲು. ಬಂಡೆಯ ಮೇಲೆ ಇಬ್ಬನಿ ಬಿದ್ದು ಕಾಲು ಜಾರುತ್ತಿತ್ತು. ಟಾರ್ಚಿನ ಬೆಳಕು ಬಿದ್ದಷ್ಟೇ ಲೋಕ. ಮುರಿದ ಕೋಟೆ ಗೋಡೆಯೊಂದನ್ನು ದಾಟುವಾಗ ನಮ್ಮಲ್ಲಿ ಮುಂದಿದ್ದವನ ಕಾಲಡಿ ಒಂದು ಕಲ್ಲು ಕಳಚಿತು. “ಕಲ್ಲು! ಕಲ್ಲು!” ಎಂದು ಕೂಗಿದ. ಹಿಂದಿದ್ದ ಇಬ್ಬರು ಬಂಡೆಗೆ ಬೆನ್ನು ಒತ್ತಿ ನಿಂತರು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡ ಕಲ್ಲು ಅಷ್ಟೇ. ಅವರ ಮೊಳಕಾಲ ಪಕ್ಕದಲ್ಲೇ ಹಾರಿ ಹೋಯಿತು. ಅದು ಕೆಳಗೆ ಬಂಡೆಯಿಂದ ಬಂಡೆಗೆ ಬಡಿಯುತ್ತಾ ಇಳಿಯುವ ಸದ್ದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು. ಯಾರೂ ಮಾತಾಡಲಿಲ್ಲ.

ಮುಂದೆ ಒಬ್ಬನಿಗೆ ಮೀನಖಂಡ ಹಿಡಿದುಕೊಂಡಿತು. ಕಾಲು ಊರಲು ಆಗದೆ ಕುಳಿತುಬಿಟ್ಟ. ವಾಪಸ್ ಇಳಿಯೋಣವೆಂದರೆ ಆ ಕತ್ತಲಲ್ಲಿ ಇಳಿಯುವುದು ಹತ್ತುವುದಕ್ಕಿಂತ ಅಪಾಯ. ದಾರಿ ತೋರಿಸುವವರು ಟವೆಲ್ಲು ಬಿಚ್ಚಿ ಅವನ ಕಾಲಿಗೆ ಬಿಗಿದು ಕಟ್ಟಿದರು. “ಆತುರ ಏನಿಲ್ಲ ಕಣಪ್ಪಾ, ಬೆಟ್ಟ ಎಲ್ಲಿಗೂ ಓಡೋಗಲ್ಲ” ಎಂದು ಪಕ್ಕದಲ್ಲೇ ಕುಳಿತರು. ಅವನ ಚೀಲವನ್ನು ನಾವು ಹಂಚಿಕೊಂಡೆವು. ಇಬ್ಬರು ಹೆಗಲು ಕೊಟ್ಟು ನಡೆಸಿದೆವು. ತುದಿ ಮುಟ್ಟುವಾಗ ಐದು ಗಂಟೆ. ಮೇಲೆ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಊರಿನ ಹುಡುಗನೊಬ್ಬ ನಮಗಿಂತ ಮೊದಲೇ ಸ್ಟೌ, ನೀರಿನ ಕ್ಯಾನು ಹೊತ್ತು ಬಂದು ಟೀ ಕಾಯಿಸುತ್ತಿದ್ದ.

ಎದುರಿಗೆ ನಂದಿಯ ದೀಪಗಳು ಕಾಣುತ್ತಿದ್ದವು. ನಮ್ಮ ಮೇಲೆ ಯಾರೂ ಗುಂಡು ಹಾರಿಸಲಿಲ್ಲ, ಯಾರೂ ಬೇಕೆಂದು ಕಲ್ಲು ತಳ್ಳಲಿಲ್ಲ. ಆದರೂ ನಾಲ್ಕು ಗಂಟೆ ಹಿಡಿಯಿತು, ಒಂದು ಕಲ್ಲಿಗೆ ಜೀವ ಬಾಯಿಗೆ ಬಂತು. 1791ರಲ್ಲಿ ಕೆಳಗಿದ್ದ ಸಿಪಾಯಿ, ಮೇಲಿದ್ದ ಕಾವಲಿನವನು ಇಬ್ಬರೂ ಏನು ಅನುಭವಿಸಿರಬಹುದು ಎಂದು ಅಲ್ಲಿ ಕುಳಿತು ಮಾತಾಡಿಕೊಂಡೆವು. ಸಿಪಾಯಿಗಳಲ್ಲಿ ಬಹಳ ಮಂದಿ ತೆಲುಗು, ತಮಿಳು ಸೀಮೆಯ ಹಳ್ಳಿಯವರು, ತಿಂಗಳ ಸಂಬಳಕ್ಕೆ ಸೇರಿದವರು. ಮೈಸೂರು ಸೀಮೆಯ ಕೋಟೆಗಳ ಕಾವಲಿಗೆ ಸುತ್ತಲ ಹಳ್ಳಿಗಳ ಕಂದಾಚಾರದ ಆಳುಗಳೂ ಇರುತ್ತಿದ್ದರು. ಹತ್ತಿದವರೂ ತಡೆದವರೂ ಒಕ್ಕಲು ಮನೆಗಳ ಮಕ್ಕಳೇ.

ಹೆಸರು ಹೋದ ದೂರ

ಕೋಟೆ ಬಿದ್ದ ಮೇಲೆ ನಂದಿಯ ಹೆಸರು ಎಲ್ಲೆಲ್ಲಿಗೋ ಹೋಯಿತು. ದಾಳಿಯಲ್ಲಿದ್ದ ಮದರಾಸಿನ ಐರೋಪ್ಯ ರೆಜಿಮೆಂಟು ಮುಂದೆ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಎಂಬ ಐರಿಷ್ ರೆಜಿಮೆಂಟಾಯಿತು. ಅದರ ಯುದ್ಧಗೌರವಗಳ ಪಟ್ಟಿಯಲ್ಲಿ ‘ನಂದಿದುರ್ಗ’ದ ಹೆಸರಿತ್ತು. ಆ ರೆಜಿಮೆಂಟು 1922ರಲ್ಲಿ ವಿಸರ್ಜನೆಯಾಯಿತು. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಕ್ಕೆ ನಂದಿದುರ್ಗ ಎಂದೇ ಹೆಸರಿಟ್ಟರು. ನಮ್ಮ ಜಿಲ್ಲೆಯ ಹಿರಿಯರಲ್ಲಿ ‘ನಂದಿದುರ್ಗ ಮೈನ್’ ಎಂದು ಬಾಯಿ ತುಂಬ ಹೇಳುವವರು ಈಗಲೂ ಸಿಗುತ್ತಾರೆ. ಕೆಜಿಎಫ್ ಗಣಿಗಳು 2001ರಲ್ಲಿ ಮುಚ್ಚಿದವು.

ಬೆಟ್ಟದ ಮೇಲೆ ಯುದ್ಧ ಮುಗಿದು ವಿಶ್ರಾಂತಿಯ ಕಾಲ ಬಂತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಯಲ್ಲಿ ಇಲ್ಲೇ ಇರುತ್ತಿದ್ದ. ಗಾಂಧೀಜಿ ಆರೋಗ್ಯ ಕೆಟ್ಟಾಗ 1927ರಲ್ಲಿ, ಮತ್ತೆ 1936ರಲ್ಲಿ ಇಲ್ಲಿ ಬಂದು ಉಳಿದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಾಗ ದೇಶದೇಶದ ನಾಯಕರನ್ನು ಇಲ್ಲಿಗೆ ಕರೆತಂದರು. ಈ ಎಲ್ಲಕ್ಕೂ ಬೇಕಾದದ್ದು ದಾರಿ. ಸುಲ್ತಾನಪೇಟೆ ಕಡೆಯಿಂದ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ ಬೆಟ್ಟಕ್ಕೆ ಕಾರು ಹೋಗುವ ರಸ್ತೆಯಾಯಿತು. ತೋಪಿಗೆಂದು ಕಡಿದ ದಾರಿ ಸೈನ್ಯವನ್ನು ತಂದಿತ್ತು, ಡಾಂಬರಿನ ದಾರಿ ಜಾತ್ರೆಯನ್ನು ತಂದಿತು.

ಬೆಟ್ಟ ತಿರುಗಿ ಹೇಳುವುದು

2021ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಜೋರು ಮಳೆಗೆ ಬ್ರಹ್ಮಗಿರಿಯ ಕಡೆಯಿಂದ ಮಣ್ಣು, ಬಂಡೆ ಜರಿದು ನಂದಿಯ ರಸ್ತೆಯೇ ಕೊಚ್ಚಿಹೋಯಿತು. ತಿಂಗಳುಗಟ್ಟಲೆ ಬೆಟ್ಟ ಬಂದ್. ಕೆಳಗೆ ಜೋಳ, ಸೌತೆಕಾಯಿ, ಟೀ ಮಾರಿ ಬದುಕುವವರಿಗೆ ಆ ತಿಂಗಳುಗಳು ಹೇಗಿದ್ದವು ಎಂದು ಅವರನ್ನೇ ಕೇಳಬೇಕು. 2022ರ ಫೆಬ್ರವರಿಯಲ್ಲಿ ಬ್ರಹ್ಮಗಿರಿ ಹತ್ತುತ್ತಿದ್ದ ವಿದ್ಯಾರ್ಥಿಯೊಬ್ಬ ಜಾರಿ ಬಂಡೆಯ ಸಂದಿಗೆ ಬಿದ್ದ. ವಾಯುಪಡೆಯ ಹೆಲಿಕಾಪ್ಟರ್ ಬಂದು ಮೇಲೆತ್ತಬೇಕಾಯಿತು. ಅವನು ಬದುಕಿದ್ದು ಪುಣ್ಯ.

ಇವೆಲ್ಲ ಬೆಟ್ಟದ ಮೈಯ ಗುಣ. ಮಣ್ಣು ಸಡಿಲವಾದರೆ ಇಲ್ಲಿನ ಕಲ್ಲು ಎರಡು ಶತಮಾನದ ಹಿಂದೆ ಉರುಳಿದ ಹಾಗೆಯೇ ಇವತ್ತೂ ಉರುಳುತ್ತದೆ. ಇಳಿಜಾರು ಬದಲಾಗಿಲ್ಲ. ಕೆಳಗಿರುವವರು ಮಾತ್ರ ಬದಲಾಗಿದ್ದಾರೆ.

ಬೆಟ್ಟದ ಮೇಲೆ ಮಾರ್ಗದರ್ಶಿಗಳು ಎಲ್ಲರಿಗೂ ತೋರಿಸುವುದು ‘ಟಿಪ್ಪು ಡ್ರಾಪ್’. ಕೈದಿಗಳನ್ನು ಅಲ್ಲಿಂದ ತಳ್ಳುತ್ತಿದ್ದರಂತೆ ಎಂಬ ಕಥೆ ಕೇಳಿ, ಒಂದು ಸೆಲ್ಫಿ ತೆಗೆದುಕೊಂಡು ಜನ ಮುಂದೆ ಹೋಗುತ್ತಾರೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ಟಿವಿಯಲ್ಲಿ ದಿನವೂ ನಡೆಯುತ್ತದೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ತೋಪಿನ ದಾರಿ. ರಾಜರ ಜಗಳದಲ್ಲಿ ಹಗ್ಗ ಎಳೆದವರು, ಕಲ್ಲು ಹೊತ್ತವರು, ಕಾಳು ತಂದವರು ನಮ್ಮ ನಿಮ್ಮಂಥವರ ಹಿಂದಿನವರು. ಅವರನ್ನು ಬಿಟ್ಟು ಹೇಳಿದ ಚರಿತ್ರೆ ಅರ್ಧ ಚರಿತ್ರೆ.

ಆಷಾಢದ ಸೋಮವಾರ ನಂದಿ ಗಿರಿ ಪ್ರದಕ್ಷಿಣೆಗೆ ಬರುವವರು ಬೆಟ್ಟದ ತುದಿಗೆ ಹೋಗುವುದಿಲ್ಲ. ಬುಡದ ಊರುಗಳ ಮೂಲಕ ಬೆಟ್ಟವನ್ನೇ ಬಳಸಿ ನಡೆಯುತ್ತಾರೆ. ಬೆಟ್ಟದ ಪೂರ್ತಿ ಮುಖ ಕಾಣಬೇಕಾದರೆ ಅದೇ ಒಳ್ಳೆಯ ದಾರಿ. ಯಾವ ಕಡೆ ಬಂಡೆ, ಯಾವ ಕಡೆ ಇಳಿಜಾರು, ಎಲ್ಲಿ ಗೋಡೆ ಕಟ್ಟಬೇಕಾಯಿತು, ಎಲ್ಲಿ ಬೇಡವಾಯಿತು ಎಂಬುದೆಲ್ಲ ನಡೆಯುತ್ತಲೇ ತಿಳಿಯುತ್ತದೆ.

ಇನ್ನು ಸ್ಕಂದಗಿರಿ ಹತ್ತುವ ಆಸೆ ಇರುವ ತಮ್ಮಂದಿರು, ತಂಗಿಯರಿಗೆ: ಈಗ ಅರಣ್ಯ ಇಲಾಖೆಯಲ್ಲಿ ಮೊದಲೇ ಟಿಕೆಟ್ ಮಾಡಿಸಿಕೊಳ್ಳಬೇಕು, ಅವರು ಹೇಳಿದ ಹೊತ್ತಿಗೇ ಹತ್ತಬೇಕು. ನೀರು ಹೆಚ್ಚಾಗಿ ಒಯ್ಯಿರಿ, ಮೇಲೆ ಸಿಗುವುದಿಲ್ಲ. ಊರಿನ ಮಾರ್ಗದರ್ಶಿ ನಿಲ್ಲಿ ಎಂದಲ್ಲಿ ನಿಲ್ಲಿ. ಕೋಟೆ ಗೋಡೆಯ ಮೇಲೆ ಕುಳಿತು ಆಟಕ್ಕೆಂದು ಒಂದು ಸಣ್ಣ ಕಲ್ಲನ್ನೂ ಕೆಳಗೆ ತಳ್ಳಬೇಡಿ. ಕೆಳಗೆ ಯಾರಾದರೂ ಹತ್ತಿ ಬರುತ್ತಿರುತ್ತಾರೆ.